ಆಪತ್ತಿಗೆ ಹೊರಟವನ ಗಂಟು

ನಂದಿಬೆಟ್ಟವೆಂದೊಡನೆ ಮಂಜು, ತಂಗಾಳಿ, ಟಿಪ್ಪುವಿನ ಹೆಸರು ಹೊತ್ತ ಕಡಿದಾದ ಬಂಡೆ, ಭಾನುವಾರದ ಜನಜಂಗುಳಿ ಇವು ಕಣ್ಣೆದುರು ನಿಲ್ಲುವುದು ಸಹಜ. 2022ನೆಯ ಫೆಬ್ರವರಿ 20 ಸಹ ಅಂಥದೇ ಒಂದು ಭಾನುವಾರ. ಅಂದು ಆ ಬೆಟ್ಟಸಾಲಿನ ಬ್ರಹ್ಮಗಿರಿಯಲ್ಲಿ ಹತ್ತೊಂಬತ್ತು ವರ್ಷದ ವಿದ್ಯಾರ್ಥಿಯೊಬ್ಬನು ಒಂಟಿಯಾಗಿ ಏರಲು ಹೋಗಿ, ಕಾಲು ಜಾರಿ ಸುಮಾರು 300 ಅಡಿ ಕೆಳಕ್ಕೆ ಉರುಳಿದನು. ಕಮರಿಯ ತಳವನ್ನು ಸೇರದೆ, ನಡುವೆ ಚಾಚಿಕೊಂಡಿದ್ದ ಕಲ್ಲೊಂದರ ಮೇಲೆ ಸಿಕ್ಕಿಕೊಂಡದ್ದು ಅವನ ಪುಣ್ಯ. ಮೊಬೈಲ್ ಇನ್ನೂ ಕೆಲಸ ಮಾಡುತ್ತಿದ್ದುದು ಎರಡನೆಯ ಪುಣ್ಯ. ತಾನಿರುವ ಜಾಗವನ್ನು ಅವನು ಅದರಿಂದಲೇ ತಿಳಿಸಿದನು. ನೆಲದ ಮೇಲಿನಿಂದ ಅವನನ್ನು ಮುಟ್ಟುವುದು ದುಸ್ಸಾಧ್ಯವೆಂದು ಕಂಡಾಗ ಚಿಕ್ಕಬಳ್ಳಾಪುರದ ಪೊಲೀಸರು ಯಲಹಂಕದ ವಾಯುನೆಲೆಗೆ ಮೊರೆಯಿಟ್ಟರು. ಅಲ್ಲಿಂದ ಬಂದ ಮಿ-17 ಹೆಲಿಕಾಪ್ಟರು, ಕೆಳಗಿದ್ದವರ ಸೂಚನೆಯಂತೆ ಬಂಡೆಗಳ ನಡುವೆ ಹುಡುಕಿ, ವಾಯುಪಡೆಯವನೊಬ್ಬನನ್ನು ತಂತಿಹಗ್ಗದಲ್ಲಿ ಇಳಿಬಿಟ್ಟು ಹುಡುಗನನ್ನು ಎತ್ತಿಕೊಂಡು ಹೋಯಿತು.

ಪತ್ರಿಕೆಗಳು ಹೆಲಿಕಾಪ್ಟರಿನ ಚಿತ್ರವನ್ನು ಅಚ್ಚುಹಾಕಿದವು. ಹಾಕತಕ್ಕದ್ದೇ. ಆದರೆ ಇಂಥ ಪ್ರಸಂಗಗಳಲ್ಲಿ ಯಾರೂ ಚಿತ್ರ ತೆಗೆಯದ ವಸ್ತುವೊಂದುಂಟು. ಬೆಟ್ಟದ ಬುಡದಲ್ಲಿ, ಕೆರೆಯ ಏರಿಯ ಮೇಲೆ, ಕುಸಿದ ಗೋಡೆಯ ಪಕ್ಕದಲ್ಲಿ ಮೊದಲು ಬಂದು ನಿಲ್ಲುವ ಪೊಲೀಸಿನವನು, ಗೃಹರಕ್ಷಕ ದಳದವನು, ಅಗ್ನಿಶಾಮಕನು, ಊರಿನ ತರುಣನು, ಇವರ ಬೆನ್ನ ಮೇಲಿನ ಚೀಲವೇ ಅದು. ಆ ಚೀಲದೊಳಗೆ ಏನಿದೆ, ಏನಿಲ್ಲ ಎಂಬುದರ ಮೇಲೆ ಎಷ್ಟೋ ವೇಳೆ ಒಂದಲ್ಲ, ಎರಡು ಪ್ರಾಣಗಳು ನಿಂತಿರುತ್ತವೆ: ಸಿಕ್ಕಿಬಿದ್ದವನದು ಒಂದು, ಬಿಡಿಸಲು ಹೋದವನದು ಇನ್ನೊಂದು.

ಎರಡನೆಯ ಪ್ರಾಣದ ಮಾತನ್ನು ನಾವು ಮರೆಯುವುದೇ ಹೆಚ್ಚು. 1985ನೆಯ ಸೆಪ್ಟೆಂಬರಿನಲ್ಲಿ ಮೆಕ್ಸಿಕೋ ನಗರವನ್ನು ಭೂಕಂಪ ನೆಲಸಮ ಮಾಡಿದಾಗ ತರಬೇತಿಯಿಲ್ಲದ ಸಾಮಾನ್ಯ ನಾಗರಿಕರು ಬರಿಗೈಯಲ್ಲಿ ಅವಶೇಷಗಳನ್ನು ಬಗೆದು 800 ಜನರನ್ನು ಬದುಕಿಸಿದರು. ಆ ಪ್ರಯತ್ನದಲ್ಲಿ ಅವರ ಪೈಕಿ ನೂರು ಮಂದಿ ತಾವೇ ಮಡಿದರು. ಸ್ವಯಂಸೇವಕರಿಗೆ ಕಲಿಸುವ ಅಮೆರಿಕೆಯ ಪಾಠಗಳಲ್ಲಿ ಈ ಎರಡು ಸಂಖ್ಯೆಗಳನ್ನು ಇಂದಿಗೂ ಅಕ್ಕಪಕ್ಕದಲ್ಲಿಟ್ಟು ತೋರಿಸುತ್ತಾರೆ. ಅನಂತರ 1991ರಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ಶೋಧ ಮತ್ತು ರಕ್ಷಣೆಗಾಗಿ ರಾಷ್ಟ್ರಗಳ ಮಂಡಲಿಯೊಂದು ಏರ್ಪಟ್ಟಿತು. ಅದು ವಿಧಿಸಿದ ನಿಯಮಗಳಲ್ಲಿ ಒಂದನ್ನು ನಮ್ಮ ಹಳ್ಳಿಯ ಹಿರಿಯರು ಕೇಳಿದ್ದರೆ ತಲೆದೂಗುತ್ತಿದ್ದರು. ಪರದೇಶಕ್ಕೆ ನೆರವಿಗೆ ಹೋಗುವ ದಳವು ದೊಡ್ಡದಾದರೆ ಹತ್ತು ದಿನ, ಮಧ್ಯಮವಾದರೆ ಏಳು ದಿನ, ತನ್ನ ಅನ್ನ, ನೀರು, ಹಾಸಿಗೆಗಳನ್ನು ತಾನೇ ಹೊತ್ತು ಹೋಗತಕ್ಕದ್ದು. ನೊಂದ ಊರಿನಿಂದ ಏನನ್ನೂ ಬೇಡಕೂಡದು. ಸಾವಿನ ಮನೆಗೆ ಹೋಗುವವರು ಅಲ್ಲಿಯ ಒಲೆಯನ್ನು ನಂಬಿ ಹೋಗಬಾರದು ಎಂಬ ನಮ್ಮ ರೂಢಿಯೂ ಇದೇ ಅಲ್ಲವೆ? 2023ರ ಫೆಬ್ರವರಿಯಲ್ಲಿ ತುರ್ಕಿಯ ಭೂಕಂಪಕ್ಕೆ ನಮ್ಮ ರಾಷ್ಟ್ರೀಯ ವಿಪತ್ತು ದಳದವರು ಹೊರಟಾಗ ಈ ಕಟ್ಟಳೆಯಂತೆಯೇ ಹೊರಟರು.

ತುರ್ಕಿಯೆಲ್ಲಿ, ಶಿಡ್ಲಘಟ್ಟವೆಲ್ಲಿ ಎಂದು ವಾಚಕರು ಕೇಳಬಹುದು. ದೂರವೇನೋ ನಿಜ. ಆದರೆ ಜಗತ್ತಿನ ಯಾವ ಮೂಲೆಯಲ್ಲಿ ನೆಲ ಬಲವಾಗಿ ನಡುಗಿದರೂ ಆ ನಡುಕವು ಕೆಲವೇ ನಿಮಿಷಗಳಲ್ಲಿ ನಮ್ಮ ಗೌರಿಬಿದನೂರಿಗೆ ಬಂದು ಮುಟ್ಟುತ್ತದೆ. 1965ರಲ್ಲಿ ಅಲ್ಲಿ ಸ್ಥಾಪಿತವಾದ ಕಂಪನಮಾಪಕಗಳ ಸಾಲು ಭೂಕಂಪಗಳನ್ನೂ, ಪರದೇಶಗಳ ಅಣುಸ್ಫೋಟಗಳನ್ನೂ ಗುರುತಿಸಿಕೊಂಡೇ ಬಂದಿದೆ. ಗಟ್ಟಿ ಬಂಡೆಯ ನಿಶ್ಚಲವಾದ ನೆಲವೆಂದೇ ಆ ಸ್ಥಳವನ್ನು ಆರಿಸಿದ್ದು.

ಅಂಥ ನಿಶ್ಚಲವಾದ ಸೀಮೆ 2021ನೆಯ ಒಂದೇ ವರ್ಷದಲ್ಲಿ ಏನೇನು ಕಂಡಿತೆಂಬುದನ್ನು ನೆನೆದರೆ ಆಶ್ಚರ್ಯವಾಗುತ್ತದೆ. ಫೆಬ್ರವರಿಯಲ್ಲಿ ಹಿರೇನಾಗವಲ್ಲಿಯ ಬಳಿ ಕಲ್ಲುಗಣಿಯ ಸಿಡಿಮದ್ದು ಸ್ಫೋಟಿಸಿ ಆರು ಮಂದಿ ಸತ್ತರು. ಆಗಸ್ಟಿನ ಕೊನೆಯ ವಾರ ನಂದಿಬೆಟ್ಟದ ರಸ್ತೆಯ ಮೇಲೆ ಗುಡ್ಡ ಕುಸಿದು, ಡಿಸೆಂಬರಿನವರೆಗೂ ಬೆಟ್ಟದ ದಾರಿ ಮುಚ್ಚಿತು. ನವೆಂಬರಿನ ಮಳೆಗೆ, ಎಷ್ಟೋ ವರ್ಷಗಳಿಂದ ದನ ಮೇಯುತ್ತಿದ್ದ ಕೆರೆಯಂಗಳಗಳು ತುಂಬಿ ಕೋಡಿ ಹರಿದವು. ಡಿಸೆಂಬರ್ 22ರ ಬೆಳಗ್ಗೆ ಕೆಲವೇ ನಿಮಿಷಗಳ ಅಂತರದಲ್ಲಿ ಭೂಮಿ ಎರಡು ಬಾರಿ ಅದುರಿತು. ತೀವ್ರತೆ ಮೂರರ ಆಸುಪಾಸು, ಹಾನಿ ಅಲ್ಪ, ಹೆದರಿಕೆ ಬಹಳ. ವರ್ಷಪೂರ್ತಿ ಹರಿಯುವ ಒಂದು ನದಿಯೂ ಇಲ್ಲದ ಬರದ ಜಿಲ್ಲೆಯಿದು. ಉತ್ತರ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿಗಳು ಇಲ್ಲಿ ಹುಟ್ಟಿಯೂ ಬಹುಕಾಲ ಮರಳಾಗಿಯೇ ಇರುತ್ತವೆ. ಅದರಿಂದಲೇ ಅಪಾಯ ಹೆಚ್ಚು. ನೀರನ್ನೇ ಕಾಣದೆ ಬೆಳೆದ ಹುಡುಗನಿಗೆ ಈಜು ಬಾರದು. ಹರಿಯುವ ಕೋಡಿಯನ್ನು ಕಂಡರೆ ಅವನಿಗೆ ಜಾತ್ರೆಯ ಸಂಭ್ರಮ.

ಅದೇ ನಂದಿಯ ಸಾಲಿನ ಹತ್ತಿರ, ಶ್ರೀನಿವಾಸಸಾಗರದ ಕಟ್ಟೆಯ ಗೋಡೆಯನ್ನು ಹತ್ತಲು ಹೋದ ತರುಣನೊಬ್ಬ 2022ರ ಮೇ ತಿಂಗಳಲ್ಲಿ ನೂರಾರು ಜನರ ಕಣ್ಣೆದುರೇ ಜಾರಿ ಬಿದ್ದನು. ನೋಡುವವರ ಕೈಯಲ್ಲೆಲ್ಲ ಮೊಬೈಲುಗಳಿದ್ದವು. ಹೆಚ್ಚೇನು ಹೇಳಲಿ!

ಮೂರು ಮಡಿಕೆಯ ಗಂಟು

ಈ ಕೆಲಸದಲ್ಲಿ ನುರಿತವರು ತಮ್ಮ ಸಾಮಾನನ್ನು ಮೂರು ಪಾಲು ಮಾಡುತ್ತಾರೆ. ಮೊದಲನೆಯದು ಮೈಮೇಲೆ, ಜೇಬುಗಳಲ್ಲಿ ಇರತಕ್ಕದ್ದು. ಎರಡನೆಯದು ಒಂದು ಹಗಲು ಒಂದು ರಾತ್ರಿಗೆ ಸಾಲುವಷ್ಟು, ಬೆನ್ನ ಮೇಲೆ. ಮೂರನೆಯದು ಮೂರು ದಿನಕ್ಕಾಗುವಷ್ಟು. ಅದನ್ನು ಹೊತ್ತು ತಿರುಗುವುದಿಲ್ಲ, ವಾಹನದಲ್ಲೋ ಬೀಡಿನಲ್ಲೋ ಇಟ್ಟಿರುತ್ತಾರೆ. ಹೀಗೇಕೆಂದರೆ, ಬೆನ್ನಿನ ಚೀಲವನ್ನು ಕೆಳಗಿಟ್ಟು ಸಂದಿಯಲ್ಲಿ ನುಸುಳಬೇಕಾದ ಗಳಿಗೆ ಬಂದೇ ಬರುತ್ತದೆ. ಹೊಳೆಯಲ್ಲಿ ಅದನ್ನು ಬಿಸಾಡಬೇಕಾಗಿಯೂ ಬರಬಹುದು. ಆಗ ಮೈಮೇಲಿರುವುದಷ್ಟೇ ನಿಮ್ಮ ಆಸ್ತಿ.

ಆದ್ದರಿಂದ ಜೇಬಿನ ವಿಚಾರವನ್ನು ಸ್ವಲ್ಪ ಬಿಚ್ಚಿ ಹೇಳುವುದು ಒಳ್ಳೆಯದು. ಕೊರಳಿಗೆ ದಾರದಲ್ಲಿ ಕಟ್ಟಿದ ಒಂದು ಸೀಟಿ ಇರಲಿ. ಮನುಷ್ಯನ ಕೂಗು ಅರ್ಧ ಗಂಟೆಯಲ್ಲಿ ಒಡೆದುಹೋಗುತ್ತದೆ. ಸೀಟಿಗೆ ಉಸಿರೊಂದು ಸಾಕು. ಆಲ್ಪ್ಸ್ ಪರ್ವತಗಳಲ್ಲಿ ಹುಟ್ಟಿದ ಸಂಕೇತವನ್ನು ಇಲ್ಲಿ ಕಲಿತುಕೊಳ್ಳಬೇಕು: ಒಂದು ನಿಮಿಷದಲ್ಲಿ ಆರು ಬಾರಿ ಊದಿ, ಒಂದು ನಿಮಿಷ ಸುಮ್ಮನಿದ್ದು, ಮತ್ತೆ ಆರು ಬಾರಿ ಊದಿದರೆ 'ಆಪತ್ತಿನಲ್ಲಿದ್ದೇನೆ' ಎಂದರ್ಥ. ನಿಮಿಷಕ್ಕೆ ಮೂರು ಬಾರಿ ಉತ್ತರ ಬಂದರೆ 'ಕೇಳಿಸಿತು' ಎಂದು. ರಾತ್ರಿಯಾದರೆ ದೀಪದಿಂದಲೂ ಹೀಗೆಯೇ. ದೀಪವು ಹಣೆಗೆ ಕಟ್ಟುವಂಥದಾಗಿರಬೇಕು. ಕೈದೀಪ ಹಿಡಿದವನಿಗೆ ಉಳಿಯುವುದು ಒಂದೇ ಕೈ. ಒಂಟಿ ಕೈಯಲ್ಲಿ ಯಾರನ್ನೂ ಎತ್ತಲಾಗದು. ಸಣ್ಣದೊಂದು ಚಾಕು, ಒಂದು ಲೈಟರ್, ಪೆನ್ಸಿಲಿನ ತುಂಡು. ಪೆನ್ನಿನ ಶಾಯಿ ಮಳೆಯಲ್ಲಿ ಹರಡುತ್ತದೆ, ಪೆನ್ಸಿಲು ಹರಡುವುದಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಮಡಿಸಿದ ಒಂದು ಚೀಟಿಯಲ್ಲಿ ನಿಮ್ಮ ಹೆಸರು, ರಕ್ತದ ಗುಂಪು, ಒಗ್ಗದ ಔಷಧಿ, ಮನೆಯವರ ದೂರವಾಣಿ. ಇದನ್ನು ಬರೆಯುವಾಗ ಮನಸ್ಸು ಕೊಂಚ ಅಳುಕುವುದುಂಟು. ಅಳುಕಿದರೂ ಬರೆಯಲೇಬೇಕು.

ಮೊಬೈಲಿನ ಬಗ್ಗೆ ಎರಡು ಮಾತು. ಬ್ರಹ್ಮಗಿರಿಯ ಹುಡುಗನನ್ನು ಹುಡುಕಲು ಅದು ನೆರವಾಯಿತೆಂಬುದು ದಿಟ. ಅದಕ್ಕಾಗಿಯೇ ಅದರ ಜೀವವನ್ನು ಕಾಯಬೇಕು. ಜೊತೆಗೆ ತುಂಬಿಟ್ಟ ಪವರ್ ಬ್ಯಾಂಕ್ ಇರಲಿ. ಅದು ಮಳೆಯಲ್ಲಿ ನೆನೆಯದಂತೆ ಎರಡು ಪದರದ ಪ್ಲಾಸ್ಟಿಕ್ ಇರಲಿ. ಚಿತ್ರ ತೆಗೆಯುವ ಚಪಲ ಬೇಡ. 112ನೆಯ ಸಂಖ್ಯೆಗೆ ಕರೆ ಹೋಗುವಷ್ಟು ವಿದ್ಯುತ್ತು ಕೊನೆಯ ಗಳಿಗೆಯವರೆಗೂ ಉಳಿದಿರಬೇಕು. ಆದರೆ ಕಲ್ಲುಗಣಿಯ ಅವಘಡಕ್ಕೆ ಹೋದಾಗ ಮಾತ್ರ ಈ ಉಪಕಾರಿಯೇ ಶತ್ರುವಾಗಬಹುದು. ಸಿಡಿಯದೆ ಉಳಿದ ವಿದ್ಯುತ್ ಸಿಡಿಮದ್ದಿನ ಬಳಿ ಮೊಬೈಲಾಗಲಿ, ವೈರ್‌ಲೆಸ್ ಆಗಲಿ ಸುಳಿಯಕೂಡದು. ತಿಳಿದವರು ಬಂದು 'ಸರಿ' ಎನ್ನುವವರೆಗೆ ದೂರ ನಿಲ್ಲುವುದೇ ಅಲ್ಲಿಯ ಸೇವೆ.

ಬೆನ್ನಿನ ಚೀಲ

ಹೊರುವವನ ಸ್ವಂತ ತೂಕದ ಐದನೆಯ ಒಂದು ಪಾಲಿಗಿಂತ ಚೀಲ ಹೆಚ್ಚು ತೂಗಬಾರದು. ಅರವತ್ತು ಕಿಲೋ ತೂಗುವ ಆಳಿಗೆ ಹನ್ನೆರಡು ಕಿಲೋ. ಅದರಲ್ಲಿ ಮೂರು ಲೀಟರ್ ನೀರಿಗೇ ಮೂರು ಕಿಲೋ ಹೋಯಿತೆನ್ನಿ. ಉಳಿದ ಒಂಬತ್ತರಲ್ಲಿ ಸಂಸಾರ. ಇಲ್ಲಿಯೇ ಹೊಸಬರು ಎಡವುವುದು. ಅಂಗಡಿಯಲ್ಲಿ ಕಂಡದ್ದನ್ನೆಲ್ಲ ತುಂಬಿ, ಸ್ಕಂದಗಿರಿಯ ಅರ್ಧ ದಾರಿಯಲ್ಲೇ ಏದುಸಿರು ಬಿಡುತ್ತ ಕುಳಿತವನು ಯಾರನ್ನು ಹೊತ್ತು ತಂದಾನು? ಹಗ್ಗದ ದೊಡ್ಡ ಸುರುಳಿಯನ್ನು ಹೆಗಲಿಗೇರಿಸಿಕೊಂಡು ಹೊರಡುವವರನ್ನೂ ಕಾಣುತ್ತೇವೆ. ಹಗ್ಗದ ವಿದ್ಯೆ ಕಲಿಯದವನ ಬಳಿ ಹಗ್ಗವಿರುವುದು ಅಪಾಯಕರ. ಇದೆಯೆಂಬ ಕಾರಣಕ್ಕೇ ಅದನ್ನು ಬಳಸುವ ಮನಸ್ಸಾಗುತ್ತದೆ. ಬಾವಿಯಿಂದ ಕೊಡ ಸೇದುವ ಹಗ್ಗದಲ್ಲಿ ಮನುಷ್ಯನನ್ನು ಇಳಿಸುತ್ತಾರೆ.

ಬಟ್ಟೆಯ ವಿಷಯದಲ್ಲಿ ನಮ್ಮ ಹತ್ತಿಯ ಮೋಹ ಬೆಟ್ಟದಲ್ಲಿ ಕೆಲಸಕ್ಕೆ ಬಾರದು. ಬಿಸಿಲಿಗೆ ಹತ್ತಿ ಹಿತ. ನೆನೆದ ಮೇಲೆ ಅದು ಮೈಯ ಕಾವನ್ನೆಲ್ಲ ಹೀರುತ್ತದೆ. ನಂದಿಯ ನೆತ್ತಿ ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದಲ್ಲಿದೆ. ಅಲ್ಲಿ ಮಳೆಗೆ ತೊಯ್ದು ಗಾಳಿಗೆ ಮೈಯೊಡ್ಡಿ ಕುಳಿತವನಿಗೆ ನಮ್ಮ ಈ ಬಿಸಿಲ ಸೀಮೆಯಲ್ಲೂ ನಡುಕ ಹತ್ತಿ ಬುದ್ಧಿ ಮಂಕಾಗಬಹುದು. ಉಣ್ಣೆ ನೆನೆದರೂ ಬೆಚ್ಚಗೆ. ಕುರುಬರ ಕಂಬಳಿ ಈ ಗುಣದಿಂದಲೇ ಇಷ್ಟು ಶತಮಾನ ಬಾಳಿದ್ದು. ಆದರೆ ನೆನೆದ ಕಂಬಳಿಯ ಭಾರವನ್ನು ಹೊರಲು ಕುರುಬನ ಹೆಗಲೇ ಬೇಕು. ಅದನ್ನು ವಾಹನದಲ್ಲಿಡುವ ಮೂರನೆಯ ಗಂಟಿಗೆ ಸೇರಿಸಿ, ಬೆನ್ನಿಗೆ ತೆಳುವಾದ ಉಣ್ಣೆಯ ಬನಿಯನ್ನು ಹಾಕಿಕೊಳ್ಳುವುದು ಮೇಲು. ಶಿಡ್ಲಘಟ್ಟದವರು ಕೋಪಿಸಿಕೊಳ್ಳದಿರಲೆಂದು ರೇಷ್ಮೆಯ ಮಾತನ್ನೂ ಹೇಳಿಬಿಡುತ್ತೇನೆ. ಹಿಮಪರ್ವತಗಳನ್ನು ಏರುತ್ತಿದ್ದವರು ಹಿಂದೆ ಉಣ್ಣೆಯ ಕೈಗವಸಿನೊಳಗೆ ತೆಳುರೇಷ್ಮೆಯ ಕೈಗವಸನ್ನು ತೊಡುತ್ತಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮೈಸೂರು ಸಂಸ್ಥಾನದ ರೇಷ್ಮೆಗೆ ಪ್ಯಾರಾಚೂಟಿಗಾಗಿಯೇ ಬೇಡಿಕೆ ಬಂದಿತ್ತು. ಹುರಿ ಸಣ್ಣದು, ಬಲ ದೊಡ್ಡದು.

ಕಾಲಿಗೆ ಹೊಸ ಬೂಟು ಬೇಡವೇ ಬೇಡ. ಕನಿಷ್ಠಪಕ್ಷ ಒಂದು ತಿಂಗಳು ಹೊಲಗದ್ದೆಯಲ್ಲಿ ತಿರುಗಿ ಪಳಗಿದ ಬೂಟೇ ಆಗಬೇಕು. ಒಣಗಿದ ಕಾಲುಚೀಲ ಎರಡು ಜೊತೆ. ಕೆಸರಿಗೆ ರಬ್ಬರಿನ ಉದ್ದ ಬೂಟು ಚೆನ್ನು, ಹರಿಯುವ ನೀರಿಗಲ್ಲ. ಮೇಲಿನಿಂದ ನೀರು ತುಂಬಿತೆಂದರೆ ಅದು ಕಾಲಿಗೆ ಕಟ್ಟಿದ ಕಲ್ಲಿನಂತೆ ಎಳೆಯುತ್ತದೆ. ಕೋಡಿಯ ನೀರಿನ ಬಳಿ ಬೇಕಾದದ್ದು ತೇಲುಕವಚ, ಒಂದು ಗಟ್ಟಿ ಬಿದಿರು ಕೋಲು. ಮೊಣಕಾಲುದ್ದದ ರಭಸದ ನೀರು ಗಟ್ಟಿಯಾಳನ್ನೂ ಕೆಡವಬಲ್ಲದು. ಅನಿವಾರ್ಯವಾಗಿ ಇಳಿಯಲೇಬೇಕಾದರೆ ಚೀಲದ ಸೊಂಟಪಟ್ಟಿಯನ್ನು ಮೊದಲೇ ಬಿಚ್ಚಿರಬೇಕು. ಬಿದ್ದರೆ ಚೀಲ ಹೋಗಲಿ, ನೀವು ಉಳಿಯಿರಿ.

ಈ ಸೀಮೆಯ ಬಂಡೆಗಳಿಗೆ ಇನ್ನೊಂದು ವಿಶೇಷವುಂಟು: ಹೆಜ್ಜೇನು. ಮನುಷ್ಯನ ಕಾಲು ತಲುಪದ ಕಲ್ಲಿನ ಚಾಚುಗಳಡಿಯಲ್ಲಿ ದೊಡ್ಡ ದೊಡ್ಡ ಹಟ್ಟಿಗಳು ತೂಗುತ್ತವೆ. ಬಿದ್ದವರನ್ನು ಹುಡುಕಬೇಕಾದ ಜಾಗವೂ ಅದೇ. ಮುಖ ಕತ್ತು ಮುಚ್ಚುವಷ್ಟು ಸೊಳ್ಳೆಪರದೆಯ ಒಂದು ತುಂಡು ಅಂಗೈಯಷ್ಟೂ ಜಾಗ ಹಿಡಿಯದು. ಅದು ಬೆಟ್ಟದಲ್ಲಿ ಜೇನಿಗೂ, ಬೀಡಿನಲ್ಲಿ ಸೊಳ್ಳೆಗೂ ಆದೀತು. ಅಂದು ಸುಗಂಧದ್ರವ್ಯ ಹಚ್ಚಿಕೊಳ್ಳಬೇಡಿ, ಬೀಡಿ ಸೇದಬೇಡಿ. ಹುಳು ಎದ್ದಿತೆಂದರೆ ಕೈ ಬೀಸದೆ ಅಲ್ಲಿಂದ ದೂರ ಸರಿಯಿರಿ.

ಕುಸಿದ ಮನೆಗಳ ಕೆಲಸಕ್ಕೆ ಶಿರಸ್ತ್ರಾಣ, ಕನ್ನಡಕ, ಧೂಳು ತಡೆಯುವ ಮುಖಗವಸು, ಚರ್ಮದ ಕೈಗವಸು ಇವು ನಾಲ್ಕೂ ಬೇಕು. ಗಾಯಾಳುವನ್ನು ಮುಟ್ಟಲು ತೆಳು ರಬ್ಬರಿನ ಕೈಗವಸು ಬೇರೆ. ರಾಷ್ಟ್ರೀಯ ವಿಪತ್ತು ಪ್ರಾಧಿಕಾರದ 'ಆಪದ ಮಿತ್ರ' ಯೋಜನೆಯಲ್ಲಿ ಹನ್ನೆರಡು ದಿನ ತರಬೇತಿ ಪಡೆದ ಸ್ವಯಂಸೇವಕನಿಗೆ ಕೊಡುವ ಸಾಮಗ್ರಿಯಲ್ಲಿ ಶಿರಸ್ತ್ರಾಣ, ತೇಲುಕವಚ, ದೀಪ, ಸೀಟಿ, ಕೈಗವಸು, ಸೊಳ್ಳೆಪರದೆ ಮುಂತಾದವು ಸೇರಿವೆ. 2016ರಲ್ಲಿ ಮೂವತ್ತು ಜಿಲ್ಲೆಗಳಲ್ಲಿ ಮೊದಲಾದ ಈ ಯೋಜನೆ ಅನಂತರ 350 ಜಿಲ್ಲೆಗಳಿಗೆ, ಒಂದು ಲಕ್ಷ ಸ್ವಯಂಸೇವಕರ ಗುರಿಗೆ ಬೆಳೆಯಿತು. ಒಳ್ಳೆಯದೇ ಆಯಿತು. ಸಾಮಗ್ರಿ ಸರ್ಕಾರ ಕೊಟ್ಟೀತು. ನಿಮ್ಮ ಕಾಲಿನ ಅಳತೆ, ನಿಮ್ಮ ಸಕ್ಕರೆಕಾಯಿಲೆಯ ಮಾತ್ರೆ, ನಿಮ್ಮ ಎರಡನೆಯ ಕನ್ನಡಕ ಇವು ನಿಮಗೇ ಗೊತ್ತು.

ಅನ್ನ, ನೀರು, ಮದ್ದು

ಅಂಗಡಿಯ ಬಿಸ್ಕತ್ತಿಗಿಂತ ನಮ್ಮ ರಾಗಿಯ ಹುರಿಹಿಟ್ಟು ನೂರು ಪಾಲು ಮೇಲೆಂದು ಹೇಳಲು ನನಗೆ ಸಂಕೋಚವಿಲ್ಲ. ಒಲೆ ಬೇಡ, ಪಾತ್ರೆ ಬೇಡ. ಒಂದು ಲೋಟ ನೀರು, ಒಂದು ಉಂಡೆ ಬೆಲ್ಲ ಇದ್ದರೆ ಊಟವಾಯಿತು. ಜೊತೆಗೆ ಹುರಿದ ಕಡಲೇಕಾಯಿ ಬೀಜ. ಚಿಂತಾಮಣಿಯ ಕಡೆಯವರಿಗೆ ಇದನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಮನೆಯಲ್ಲಿ ಪ್ರೀತಿಯಿಂದ ಕಟ್ಟಿಕೊಡುವ ಖಾರದ ಕೋಡುಬಳೆಯನ್ನು ಮಾತ್ರ ನಯವಾಗಿ ಬೇಡವೆನ್ನಿ. ಅದು ಕೇಳುವ ನೀರನ್ನು ಹೊರುವವರಾರು?

ನೀರು ತೀರಿದ ಮೇಲೆ ಸಿಕ್ಕ ನೀರನ್ನು ಕುಡಿಯುವಂತಿಲ್ಲ. ಈ ಜಿಲ್ಲೆಯ ಕೊಳವೆಬಾವಿಗಳಲ್ಲಿ ಫ್ಲೋರೈಡಿನ ದೋಷವಿರುವುದು ಎಲ್ಲರೂ ಬಲ್ಲ ಸಂಗತಿ. ಅದು ವರ್ಷಗಟ್ಟಲೆ ಕುಡಿದವರ ಹಲ್ಲು ಮೂಳೆಗಳನ್ನು ಕೆಡಿಸುವ ನಿಧಾನದ ವಿಷ. ಎರಡು ದಿನಕ್ಕೆ ಬಂದವನು ಅಂಜಬೇಕಾದದ್ದು ನೆರೆಯ ನೀರಿನ ರೋಗಾಣುಗಳಿಗೆ. ಬಟ್ಟೆಯಲ್ಲಿ ಸೋಸಿ, ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಕಾಯಿರಿ, ಇಲ್ಲವೇ ಕುದಿಸಿರಿ. ಬೆವರು, ಭೇದಿಗಳಿಂದ ಬಳಲಿದವರಿಗೆ ಲವಣದ ಪೊಟ್ಟಣವಿಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ ಆರು ಚಹಾಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪನ್ನು ಅಂದಾಜಿನಲ್ಲಿ ಸುರಿಯಬಾರದು. ಮದ್ದಿನ ಪೆಟ್ಟಿಗೆಯಲ್ಲಿ ರಕ್ತ ನಿಲ್ಲಿಸಲು ಒತ್ತುವ ಬಟ್ಟೆ, ಅಗಲವಾದ ಸುತ್ತುಪಟ್ಟಿ, ಕತ್ತರಿ, ಅಂಟುಪಟ್ಟಿ ಇದ್ದರೆ ಹೆಚ್ಚಿನ ಕೆಲಸ ನಡೆಯುತ್ತದೆ. ಹಾವು ಕಚ್ಚಿದ್ದಕ್ಕೆ ಚೀಲದಲ್ಲಿ ಮದ್ದಿಲ್ಲ. ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಸಲ್ಲದು. ಕಚ್ಚಿಸಿಕೊಂಡವನನ್ನು ನಡೆಸದೆ ಹೊತ್ತು ಆಸ್ಪತ್ರೆಗೆ ಮುಟ್ಟಿಸುವುದೊಂದೇ ದಾರಿ. ಧನುರ್ವಾಯುವಿನ ಚುಚ್ಚುಮದ್ದನ್ನು ಕರೆ ಬರುವ ಮೊದಲೇ ಹಾಕಿಸಿಕೊಂಡಿರತಕ್ಕದ್ದು.

ತೂಕವೇ ಇಲ್ಲದ ಒಂದು ಸಾಮಾನನ್ನೂ ಒಯ್ಯಿರಿ. ಚಿಂತಾಮಣಿ, ಗೌರಿಬಿದನೂರು ಕಡೆಯ ಎಷ್ಟೋ ಹಳ್ಳಿಗಳಲ್ಲಿ ಮನೆಮಾತು ತೆಲುಗು. ಅವಶೇಷದಡಿಯಿಂದ ಬರುವ ಕೂಗು ವ್ಯಾಕರಣ ಶುದ್ಧವಾದ ಕನ್ನಡದಲ್ಲಿರುವುದಿಲ್ಲ. ಎಲ್ಲಿ, ಎಷ್ಟು ಜನ, ನೀರು, ನೋವು, ಹೆದರಬೇಡಿ ಎಂಬಷ್ಟನ್ನಾದರೂ ಎರಡೂ ನುಡಿಗಳಲ್ಲಿ ಬಲ್ಲವನು ಹತ್ತು ಗುದ್ದಲಿಗೆ ಸಮ.

ಜೋಡಿಸುವ ಕ್ರಮ

ಒಣಬಟ್ಟೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಳಕ್ಕೆ. ಭಾರದ ವಸ್ತುಗಳು ಬೆನ್ನಿಗೆ ಅಂಟಿದಂತೆ, ಎರಡು ಹೆಗಲ ಮೂಳೆಗಳ ನಡುವಿಗೆ. ಹೊರಗಡೆ ಇಟ್ಟರೆ ಅವು ಹಿಂದಕ್ಕೆ ಜಗ್ಗುತ್ತವೆ, ಬಂಡೆಯ ಮೇಲೆ ಆ ಜಗ್ಗುವಿಕೆಯೇ ಸಾಕು ಬೀಳಿಸಲು. ಮಳೆಯಂಗಿ ಎಲ್ಲಕ್ಕಿಂತ ಮೇಲೆ, ಏಕೆಂದರೆ ಮಳೆ ಕೇಳಿಕೊಂಡು ಬರುವುದಿಲ್ಲ. ನೀರು ಪಕ್ಕಕ್ಕೆ. ಮದ್ದಿನ ಪೆಟ್ಟಿಗೆ ಹೊರಜೇಬಿಗೆ, ನಿಮಗೇ ಪೆಟ್ಟಾದರೆ ಜೊತೆಗಾರನು ಹುಡುಕದೆ ತೆಗೆಯುವಂತೆ. ಒಂದು ವಸ್ತುವಿಗೆ ಒಂದೇ ಜಾಗ, ಅದು ಎಂದಿಗೂ ಬದಲಾಗಬಾರದು. ಚೀಲ ಕಟ್ಟಿದ ಮೇಲೆ ಕಣ್ಣಿಗೆ ಟವಲು ಕಟ್ಟಿಕೊಂಡು ಕುಳಿತು, ದೀಪ, ಚಾಕು, ಪಟ್ಟಿಗಳನ್ನು ಒಂದೊಂದಾಗಿ ತೆಗೆದು ನೋಡಿರಿ. ಮಕ್ಕಳು ನಗುತ್ತಾರೆ, ನಗಲಿ. ಮಕ್ಕಳಿಗೂ ತಿಳಿದಿರಬೇಕು, ರಾತ್ರಿ ಕರೆ ಬಂದಾಗ ಅಪ್ಪನ ಚೀಲ ಯಾವ ಗೂಟದಲ್ಲಿದೆಯೆಂದು. ಹೊರಡುವ ಮುನ್ನ ಎಲ್ಲಿಗೆ, ಯಾರೊಡನೆ, ಎಂದು ಹಿಂದಿರುಗುವುದು ಎಂಬುದನ್ನು ಮನೆಯಲ್ಲಿ ಹೇಳಿ ಹೋಗುವುದೂ ಈ ಜೋಡಣೆಗೇ ಸೇರಿದ್ದು.

ಹಿಂದಿರುಗಿದ ದಿನ ಎಷ್ಟೇ ಆಯಾಸವಿರಲಿ, ಚೀಲವನ್ನು ಹಾಗೆಯೇ ಮೂಲೆಗೆ ಎಸೆಯಬಾರದು. ಒದ್ದೆ ಸಾಮಾನು ಒಂದೇ ವಾರದಲ್ಲಿ ಬೂಷ್ಟು ಹಿಡಿಯುತ್ತದೆ. ದೀಪದೊಳಗಿನ ಬ್ಯಾಟರಿ ಒಸರಿ ದೀಪವನ್ನೇ ತಿನ್ನುತ್ತದೆ. ಬ್ಯಾಟರಿಯನ್ನು ಹೊರತೆಗೆದು ಬೇರೆ ಇಡಿ, ಮಾತ್ರೆಗಳ ತಾರೀಖನ್ನು ನೋಡಿ, ಖರ್ಚಾದದ್ದನ್ನು ಮರುದಿನವೇ ತುಂಬಿರಿ. ಹುರಿಹಿಟ್ಟನ್ನು ಎರಡು ತಿಂಗಳಿಗೊಮ್ಮೆ ಬದಲಿಸಿದರಾಯಿತು. ಹಳೆಯದು ದಂಡವಾಗುವುದಿಲ್ಲ, ಹಾಲು ಬೆಲ್ಲ ಬೆರೆಸಿ ಕೊಟ್ಟರೆ ಬೆಳಗಿನ ಹೊತ್ತು ಮಕ್ಕಳೇ ಮುಗಿಸುತ್ತಾರೆ.